ಎನಾಮಲ್ ಬೋರ್ಡು, ಗೋಲಿ ಬಾಟಲಿ

ಮೈಸೂರು ರಸ್ತೆಯ ಬಿಡದಿಯಲ್ಲಿ ಕೋಕಾ-ಕೋಲಾ ಕಾರ್ಖಾನೆಯಿದೆ. ಆದರೆ ಹಳೇ ಪಾನೀಯ ಕಂಪನಿಗಳ ಜಾಹೀರಾತು ಸಾಮಾನು ಕೂಡಿಡುವವರು ಹುಡುಕಬೇಕಾದ್ದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಗುಜರಿ ಅಂಗಡಿಗಳಲ್ಲಿ, ಬಾಗಿಲು ಹಾಕಿದ ದಿನಸಿ ಅಂಗಡಿಗಳ ಅಟ್ಟದಲ್ಲಿ. ಟೀಪುಡಿ ಕಂಪನಿಯ ಬೋರ್ಡು, ಗೋಲ್ಡ್ ಸ್ಪಾಟ್ ಟ್ರೇ, ಓಪನರ್, ಮರದ ಕ್ರೇಟು, ಕ್ಯಾಲೆಂಡರು: ತೂಕಕ್ಕೆ ಹಾಕುವವರ ಕಣ್ಣಿಗೆ ಇವೆಲ್ಲ ಬರೀ ಗುಜರಿ.

ಬಿಸಿಲು ಮಳೆಗೆ ಬಣ್ಣ ಮಾಸದಿರಲೆಂದೇ ಎನಾಮಲ್ ಬೋರ್ಡು ಹುಟ್ಟಿದ್ದು. ಕಬ್ಬಿಣದ ತಗಡಿನ ಮೇಲೆ ಬಣ್ಣದ ಗಾಜಿನ ಪುಡಿ ಹರಡಿ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿ ಕರಗಿಸಿ ಅಂಟಿಸುತ್ತಾರೆ. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಸುಡುವಿಕೆ. ಹಾಗಾಗಿ ಹಳೇ ಬೋರ್ಡಿನ ಅಕ್ಷರದ ಅಂಚನ್ನು ಬೆರಳಲ್ಲಿ ಸವರಿದರೆ ಸಣ್ಣ ಏರು ಸಿಗುತ್ತದೆ. ಮೊಳೆಯ ತೂತಿನ ಸುತ್ತ ಗಾಜು ಚಕ್ಕೆಯೆದ್ದು ತುಕ್ಕು ಹಿಡಿದಿರುತ್ತದೆ. ಈಗ ಅಲಂಕಾರಕ್ಕೆಂದು ಮಾರುವ ಮುದ್ರಿತ ತಗಡು ಬೆರಳಿಗೆ ನುಣ್ಣಗೆ ಸಿಗುತ್ತದೆ, ಅದರ ತುಕ್ಕೂ ಎಷ್ಟೋ ಸಲ ಬಣ್ಣವೇ.

ಗೋಲಿ ಸೋಡಾ ಬಾಟಲಿಯದು ಬೇರೆಯೇ ಕಥೆ. ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಅದು. ಒಳಗಿನ ಗ್ಯಾಸೇ ಗೋಲಿಯನ್ನು ಕತ್ತಿನ ರಬ್ಬರ್ ಉಂಗುರಕ್ಕೆ ಒತ್ತಿ ಬಾಯಿ ಮುಚ್ಚುತ್ತದೆ. ಬಾಟಲಿ ವಾಪಸ್ ಬರಬೇಕು, ಇನ್ನೊಬ್ಬ ತುಂಬಿಸಬಾರದು ಎಂದು ಸೋಡಾ ಫ್ಯಾಕ್ಟರಿಯವರು ಗಾಜಿನಲ್ಲೇ ಹೆಸರು ಉಬ್ಬಿಸಿದರು. ಊರ ಹೆಸರೂ ಮೂಡಿರುವ ಬಾಟಲಿ ಸಿಕ್ಕಿದರೆ ಅದೇ ದೊಡ್ಡ ಸಂಪತ್ತು. ಮಕ್ಕಳು ಗೋಲಿಗಾಗಿ ಒಡೆದದ್ದರಿಂದಲೂ ಇಂಥವು ಕಡಿಮೆ ಉಳಿದಿವೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಬಾಳುವುದು ‘ಡಬಲ್ ಸೆವೆನ್’ ಹೆಸರಿರುವ ಯಾವುದೇ ವಸ್ತು. 1977ರಲ್ಲಿ ಕೋಕಾ-ಕೋಲಾ ದೇಶ ಬಿಟ್ಟಾಗ ಜನತಾ ಸರ್ಕಾರ ತಂದ ಪಾನೀಯ ಅದು. ಹೆಸರಲ್ಲೇ ಆ ವರ್ಷವಿದೆ. ಸೂತ್ರ ರೂಪಿಸಿದ್ದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ., ತಯಾರಿಸಿದ್ದು ಸರ್ಕಾರಿ ಸ್ವಾಮ್ಯದ ಮಾಡರ್ನ್ ಫುಡ್ ಇಂಡಸ್ಟ್ರೀಸ್. ಥಮ್ಸ್ ಅಪ್ ಕೂಡ ಅದೇ ವರ್ಷದ್ದು. ಪೈಪೋಟಿಯಲ್ಲಿ ಡಬಲ್ ಸೆವೆನ್ ಬೇಗ ಮರೆಯಾಯಿತು. 1993ರಲ್ಲಿ ಕೋಕಾ-ಕೋಲಾ ಮರಳಿ ಬಂದು ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್‌ಗಳನ್ನು ಪಾರ್ಲೆಯಿಂದ ಕೊಂಡಿತು. ಗೋಲ್ಡ್ ಸ್ಪಾಟ್ ಆಮೇಲೆ ಮಾರುಕಟ್ಟೆಯಿಂದಲೇ ಹೋಯಿತು. ಇಷ್ಟೆಲ್ಲ ಏರಿಳಿತಕ್ಕೆ ನಮ್ಮ ಪೇಟೆಬೀದಿಗಳೂ ಸಾಕ್ಷಿ ಎಂದು ತೋರಿಸಲು ಒಂದು ಟ್ರೇ, ಒಂದು ಮುಚ್ಚಳ ಸಾಕು.

ಕಾಲ ಗುರುತಿಸಲು ಸಣ್ಣ ಸುಳಿವುಗಳೇ ಆಧಾರ. ಅಂಗಡಿ ಕ್ಯಾಲೆಂಡರಿನಲ್ಲಿ ವಿಳಾಸ ‘ಕ್ಲೋಸ್‌ಪೇಟೆ’ ಎಂದಿದ್ದರೆ, ರಾಮನಗರವೆಂಬ ಹೆಸರು ನೆಲೆಯಾಗುವ ಮುಂಚಿನದಿರಬಹುದು. ಮುಚ್ಚಳದ ಒಳಗೆ ಕಾರ್ಕಿನ ಬಿಲ್ಲೆಯಿದ್ದರೆ ಅದು ಪ್ಲಾಸ್ಟಿಕ್ ಪದರ ಬರುವ ಮೊದಲಿನ ಕಾಲದ್ದು.

ಹೊಸದಾಗಿ ಶುರುಮಾಡುವವರಲ್ಲಿ ಒಂದು ಕೋರಿಕೆ. ಬೋರ್ಡನ್ನು ಆಸಿಡ್ ಹಾಕಿ ಉಜ್ಜಬೇಡಿ, ಮೇಲೆ ಬಣ್ಣ ಬಳಿಯಬೇಡಿ. ಮೆತ್ತನೆ ಬಟ್ಟೆ, ನೀರು ಸಾಕು, ಕೂಡಲೇ ಒಣಗಿಸಿ. ಅದಕ್ಕಿಂತ ಮುಖ್ಯವಾಗಿ, ಯಾವ ಬೀದಿಯ ಯಾವ ಅಂಗಡಿಯದು, ಯಾರ ಕಾಲದ್ದು ಎಂದು ಮನೆಯ ಹಿರಿಯರನ್ನು ಕೇಳಿ ಅಂದೇ ಬರೆದಿಡಿ. ಎಚ್.ಎಲ್. ನಾಗೇಗೌಡರು ರಾಮನಗರದ ‘ಜಾನಪದ ಲೋಕ’ ಸಂಗ್ರಹಾಲಯದಲ್ಲಿ ಒನಕೆ, ಕೊಳಗಗಳಿಗೂ ಜಾಗ ಕೊಟ್ಟರು. ರಾಗಿ ಅಂಬಲಿಯ ಈ ಸೀಮೆಗೆ ಟೀ, ಸೋಡಾ, ಕೋಲಾ ಬಂದ ಬಗೆ ಹೇಳುವ ಈ ಬೋರ್ಡು ಬಾಟಲಿಗಳಿಗೂ ಜಿಲ್ಲೆಯೊಳಗೇ ಒಂದು ಕೋಣೆ ಸಿಗಬೇಕು.