ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಹಳೆಯ ಕಾರಿಗೆ ಮೊದಲು ಪರೀಕ್ಷೆ, ಆಮೇಲೆ ಸ್ಪಾನರು



ಮಳೆಗಾಲದಲ್ಲಿ ಅಡಿಕೆ ಉದುರಿತೆಂದರೆ ಅದೆಲ್ಲವೂ ಕೊಳೆರೋಗವೇ ಎನ್ನುವಂತಿಲ್ಲ. ಉದುರಿದ ಕಾಯಿಯನ್ನು ಕೈಗೆತ್ತಿಕೊಂಡು ನೀರು ಕುಡಿದಂತಹ ಕಲೆ ಇದೆಯೇ, ಬಿಳಿ ಬೂಷ್ಟು ಇದೆಯೇ, ತಿಗಣೆ ಚುಚ್ಚಿದ ಗುರುತಿದೆಯೇ ಎಂದು ನೋಡಿದ ಮೇಲೆಯೇ ನಾವು ಮದ್ದಿನ ಮಾತೆತ್ತುವುದು. ತೋಟದಲ್ಲಿ ಇಷ್ಟು ವಿವೇಕವಿರುವ ನಾವು ಅಂಗಳದ ಶೆಡ್ಡಿನಲ್ಲಿ ನಿಂತ ಹಳೆಯ ಕಾರಿನ ವಿಷಯಕ್ಕೆ ಬಂದಾಗ ಅದನ್ನು ಮರೆತುಬಿಡುತ್ತೇವೆ. ಸ್ಟಾರ್ಟ್ ಆಗಲಿಲ್ಲವೋ, ಬ್ಯಾಟರಿ ಬದಲಾಯಿಸುವುದು. ಬಿಸಿಯಾಯಿತೋ, ರೇಡಿಯೇಟರ್ ಬದಲಾಯಿಸುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ನಾವೂ ಈ ತಪ್ಪು ಮಾಡಿದವರೇ. ಒಂದು ಆಷಾಢದ ರಾತ್ರಿ ಲೈನ್ ಮನೆಯ ಹೆಣ್ಣುಮಗಳೊಬ್ಬಳಿಗೆ ಹೆರಿಗೆ ನೋವು ಕಾಣಿಸಿಕೊಂಡಿತು. ಕಾರಿನ ಕೀಲಿ ತಿರುಗಿಸಿದರೆ ‘ಟಕ್’ ಎಂಬ ಒಂದೇ ಸದ್ದು. ಇದೇ ತೊಂದರೆಗೆಂದು ಒಂದು ತಿಂಗಳ ಹಿಂದಷ್ಟೇ ಹೊಸ ಬ್ಯಾಟರಿ ಹಾಕಿಸಿದ್ದೆವು. ನೆರೆಯವರ ಜೀಪು ಸಿಕ್ಕಿದ್ದರಿಂದ ತಾಯಿ ಮಗು ಕ್ಷೇಮವಾಗಿ ಮನೆಗೆ ಬಂದರು. ಬೆಳಗಾದ ಮೇಲೆ ನೋಡಿದರೆ, ಬ್ಯಾಟರಿಯ ಅರ್ತ್ ವೈರು ಬಾಡಿಗೆ ಸೇರುವ ಬೋಲ್ಟಿನ ಅಡಿಯಲ್ಲಿ ತುಕ್ಕು ಕಟ್ಟಿತ್ತು. ಉಪ್ಪುಕಾಗದದಿಂದ ಉಜ್ಜಿ ಬಿಗಿದೆವು. ಗಾಡಿ ಮೊದಲ ತಿರುವಿಗೇ ಹೊತ್ತಿಕೊಂಡಿತು. ತೆಗೆದುಕೊಟ್ಟ ಹಳೆಯ ಬ್ಯಾಟರಿಯಲ್ಲಿ ಬಹುಶಃ ದೋಷವೇ ಇರಲಿಲ್ಲ. ಹಣ ಹೋದದ್ದು ದೊಡ್ಡ ಮಾತಲ್ಲ. ಆ ರಾತ್ರಿ ಜೀಪು ಸಿಗದೆ ಹೋಗಿದ್ದರೆ ಎಂಬುದನ್ನು ನೆನೆದರೆ ಇಂದಿಗೂ ಎದೆ ನಡುಗುತ್ತದೆ.

ಆದುದರಿಂದ ಈ ಲೇಖನ. ನಮ್ಮ ಅನೇಕ ಸದಸ್ಯರ ಮನೆಯಲ್ಲಿರುವ ಮಾರುತಿ 800 ಗಾಡಿಯನ್ನೇ ಉದಾಹರಣೆಗೆ ತೆಗೆದುಕೊಂಡಿದ್ದೇವೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಗಾಡಿಯ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಹಾಗಾಗಿ ಇಂದು ಓಡುತ್ತಿರುವ ಪ್ರತಿಯೊಂದೂ ಹತ್ತು ವರ್ಷ ದಾಟಿದ ಗಾಡಿಯೇ. 796 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್ ಸರಳವಾದದ್ದು. ಇಷ್ಟು ವಯಸ್ಸಾದ ಗಾಡಿಯಲ್ಲಿ ಎಂಜಿನ್ನಿಗಿಂತ ಮೊದಲು ಕೆಡುವುದು ರಬ್ಬರು, ವೈರಿನ ಜೋಡಣೆ ಮತ್ತು ತುಕ್ಕು ಹಿಡಿದ ಬೋಲ್ಟುಗಳು.

ಕೀಲಿ ತಿರುಗಿಸಿದರೆ ‘ಟಕ್’ ಎಂದರೆ

ಹೆಡ್‌ಲೈಟ್ ಹಾಕಿ, ಒಬ್ಬರನ್ನು ಮುಂದೆ ನಿಲ್ಲಿಸಿ ಕೀಲಿ ತಿರುಗಿಸಿರಿ. ದೀಪ ಆರಿಹೋದರೆ ಅಥವಾ ತೀರಾ ಮಂಕಾದರೆ ದೋಷ ಬ್ಯಾಟರಿಯಲ್ಲಿ ಇಲ್ಲವೇ ಅದರ ಜೋಡಣೆಯಲ್ಲಿ. ದೀಪ ಹಾಗೆಯೇ ಪ್ರಖರವಾಗಿದ್ದು ಎಂಜಿನ್ ತಿರುಗದಿದ್ದರೆ ಸ್ಟಾರ್ಟರ್, ಅದರ ಸೊಲೆನಾಯ್ಡ್ ಅಥವಾ ಕೀಲಿಯ ಸ್ವಿಚ್ಚಿನ ಕಡೆ ನೋಡಬೇಕು.

ಒಂದು ಮಲ್ಟಿಮೀಟರ್ ಇದ್ದರೆ ಊಹೆಯ ಅಗತ್ಯವಿಲ್ಲ. ರಾತ್ರಿಯೆಲ್ಲಾ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ. 12ರ ಆಸುಪಾಸಿಗೆ ಇಳಿದಿದ್ದರೆ ಬರಿದಾಗಿದೆ. ಎಂಜಿನ್ ಓಡುತ್ತಿರುವಾಗ ಸುಮಾರು 13.8ರಿಂದ 14.4 ವೋಲ್ಟ್ ಬರಬೇಕು. ಬಾರದಿದ್ದರೆ ಬ್ಯಾಟರಿಗೆ ಚಾರ್ಜ್ ಆಗುತ್ತಿಲ್ಲವೆಂದು ಅರ್ಥ. ಫ್ಯಾನ್ ಬೆಲ್ಟು ಸಡಿಲವೇ, ಆಲ್ಟರ್ನೇಟರ್ ಕೆಟ್ಟಿದೆಯೇ ಎಂದು ನೋಡಬೇಕು. ಅಂತಹ ಗಾಡಿಗೆ ಹೊಸ ಬ್ಯಾಟರಿ ಹಾಕಿದರೂ ಕೆಲವೇ ದಿನದಲ್ಲಿ ಮತ್ತೆ ಅದೇ ಕಥೆ.

ಅರ್ತ್ ಪರೀಕ್ಷೆ ಹೀಗೆ: ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಗುಬ್ಬಿಗೂ ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೂ ಹಿಡಿದು, ಸ್ಟಾರ್ಟ್ ಮಾಡಲು ಹೇಳಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಜೋಡಣೆ ಕೆಟ್ಟಿದೆ. ಟರ್ಮಿನಲ್ ಮೇಲಿನ ಬಿಳಿ ಹಸಿರು ಕಿಲುಬನ್ನು ಅಡುಗೆ ಸೋಡಾ ಕದಡಿದ ನೀರಿನಿಂದ ತೊಳೆದು, ಒರೆಸಿ, ಬಿಗಿದು, ಮೇಲೆ ವ್ಯಾಸಲೀನ್ ಸವರಬೇಕು. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಕಳಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಈ ಕ್ರಮವನ್ನು ತಪ್ಪಿಸಬಾರದು.

ತಿರುಗುತ್ತದೆ, ಆದರೆ ಹೊತ್ತಿಕೊಳ್ಳುವುದಿಲ್ಲ

ಹೀಗಾದಾಗ ಕೇಳಬೇಕಾದ ಪ್ರಶ್ನೆ ಒಂದೇ: ಪೆಟ್ರೋಲು ಬರುತ್ತಿಲ್ಲವೋ, ಕಿಡಿ ಬರುತ್ತಿಲ್ಲವೋ? ನಾಲ್ಕಾರು ಸಲ ಸ್ಟಾರ್ಟ್ ಮಾಡಿ ನೋಡಿದ ಮೇಲೆ ಒಂದು ಪ್ಲಗ್ಗು ಬಿಚ್ಚಿರಿ. ತುದಿ ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಪೆಟ್ರೋಲು ಬರುತ್ತಿದೆ, ಕಿಡಿಯ ಕಡೆ ನೋಡಬೇಕು. ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ಪ್ಲಗ್ಗಿನ ವೈರನ್ನು ಎಳೆಯದೆ ರಬ್ಬರ್ ಟೋಪಿಯನ್ನೇ ಹಿಡಿದು ಕೀಳಬೇಕು. ಪೆಟ್ರೋಲಿನ ವಾಸನೆ ಇರುವಲ್ಲಿ ಬೀಡಿ, ಚಿಮಣಿ ಸುಳಿಯಕೂಡದು.

ನಮ್ಮ ಕಡೆಯ ಮಳೆಗಾಲದಲ್ಲಿ ಕಿಡಿ ತಪ್ಪಲು ಮುಖ್ಯ ಕಾರಣ ತೇವ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಳಗೆ ಹೊರಗೆ ಒಣ ಬಟ್ಟೆಯಿಂದ ಒರೆಸಿದರೆ ಎಷ್ಟೋ ಗಾಡಿ ಹೊರಡುತ್ತವೆ. ಇನ್ನೊಂದು ಕಾರಣ ಇಲಿ. ಅಡಿಕೆ ಗೋದಾಮಿನ ಪಕ್ಕ ವಾರಗಟ್ಟಲೆ ನಿಂತ ಗಾಡಿಯ ವೈರು ಕಡಿದು ಗೂಡು ಕಟ್ಟಿರುವುದುಂಟು. ಬಾನೆಟ್ ತೆಗೆದಾಗ ಹಿಕ್ಕೆ ಕಂಡರೆ ಮೊದಲು ವೈರುಗಳನ್ನೇ ನೋಡಿರಿ.

ಪೆಟ್ರೋಲು ಬಾರದಿದ್ದರೆ ಎಂ.ಪಿ.ಎಫ್.ಐ. ಗಾಡಿಯಲ್ಲಿ ಕೀಲಿಯನ್ನು ಅರ್ಧ ತಿರುಗಿಸಿ ಕಿವಿಗೊಡಿರಿ. ಟ್ಯಾಂಕಿನ ಕಡೆಯಿಂದ ಒಂದೆರಡು ಸೆಕೆಂಡು ಪಂಪಿನ ಗುಂಯ್‌ಗುಟ್ಟುವಿಕೆ ಕೇಳಬೇಕು. ಕೇಳದಿದ್ದರೆ ಫ್ಯೂಸನ್ನೂ ರಿಲೇಯನ್ನೂ ನೋಡಿದ ಮೇಲೆಯೇ ಪಂಪಿನ ಮಾತು. ಕಾರ್ಬುರೇಟರ್ ಗಾಡಿಯಲ್ಲಿ ಫಿಲ್ಟರು ಕಟ್ಟಿಕೊಂಡಿರಬಹುದು, ಇಲ್ಲವೇ ಹಳೆಯ ಹೋಸ್ ಪೈಪು ಬಿರಿದು ಪಂಪು ಗಾಳಿ ಎಳೆಯುತ್ತಿರಬಹುದು.

ಪೆಟ್ರೋಲಿನ ವಿಷಯದಲ್ಲಿ ಇನ್ನೊಂದು ಮಾತು. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ನಮ್ಮ ಹಳೆಯ ಗಾಡಿಗಳ ರಬ್ಬರು ಇದಕ್ಕೆಂದು ತಯಾರಾದದ್ದಲ್ಲ. ಅಲ್ಲದೆ ಎಥನಾಲ್ ನೀರನ್ನು ಹೀರುವ ವಸ್ತು. ನೀರು ಹೆಚ್ಚಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಆದ್ದರಿಂದ ಮಳೆಗಾಲದಲ್ಲಿ ಗಾಡಿಯನ್ನು ಅರೆ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಲ್ಲಿಸಬಾರದು. ಹೋಸ್ ಪೈಪುಗಳನ್ನು ವರ್ಷಕ್ಕೊಮ್ಮೆ ಬಗ್ಗಿಸಿ ನೋಡಿ, ಬಿರುಕು ಅಥವಾ ಮೆತ್ತಗಾದ ಗುರುತು ಕಂಡರೆ ಬದಲಾಯಿಸಬೇಕು. ಇದು ಬೆಂಕಿಯ ವಿಷಯ, ಉದಾಸೀನ ಕೂಡದು.

ಘಾಟಿಯಲ್ಲಿ ಬಿಸಿಯಾದರೆ

ಮುಳ್ಳು ಕೆಂಪಿನತ್ತ ಏರಿದರೆ ಎ.ಸಿ. ಇದ್ದರೆ ಆರಿಸಿ, ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿರಿ. ‘ಇನ್ನೆರಡು ತಿರುವು, ಊರು ಬಂತು’ ಎಂದು ಓಡಿಸಿದವರ ಗಾಡಿಯ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಹೆಡ್ಡು ಸೊಟ್ಟಗಾಗುತ್ತದೆ. ನೂರಾರು ರೂಪಾಯಿಯ ಕೆಲಸ ಸಾವಿರಾರಕ್ಕೆ ಹೋಗುವುದು ಈ ಎರಡು ತಿರುವಿನಲ್ಲೇ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬಾರದು. ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ತಣಿದ ಮೇಲೆ ಈ ಕ್ರಮದಲ್ಲಿ ನೋಡಿರಿ. ಒಂದು, ನೀರು ಕಡಿಮೆಯಾಗಿದೆಯೇ? ಎರಡು, ಹೋಸಿನ ಕ್ಲಿಪ್ಪಿನ ಬಳಿ, ವಾಟರ್ ಪಂಪಿನ ಕೆಳಗೆ ಒಸರಿದ ಕಲೆ ಇದೆಯೇ? ಮೂರು, ಬೆಲ್ಟು ಬಿಗಿಯಾಗಿದೆಯೇ? ನಾಲ್ಕು, ನಿಂತಲ್ಲೇ ಎಂಜಿನ್ ಓಡಿಸಿ ಬಿಸಿಯೇರಿದಾಗ ಫ್ಯಾನು ತಿರುಗುತ್ತದೆಯೇ? ತಿರುಗದಿದ್ದರೆ ಫ್ಯೂಸು, ಪ್ಲಗ್ ಜೋಡಣೆ, ಶಾಖದ ಸ್ವಿಚ್ಚು ಇವನ್ನು ನೋಡಿ, ಆಮೇಲೆ ಮೋಟಾರು. ಎಲ್ಲಿಯೂ ಸೋರದೆ ನೀರು ಇಂಗುತ್ತಿದ್ದರೆ, ಆಯಿಲ್ ಮುಚ್ಚಳದ ಅಡಿಯಲ್ಲಿ ಹಾಲಿನ ಕೆನೆಯಂತಹ ಜಿಡ್ಡು ಕಂಡರೆ ಅದು ಗ್ಯಾಸ್ಕೆಟ್ಟಿನ ಸೂಚನೆ. ಗಾಡಿ ಓಡಿಸದೆ ಮೆಕ್ಯಾನಿಕ್‌ಗೆ ಹೇಳಿಕಳುಹಿಸಿರಿ.

ನಾವು ಕೈ ಹಾಕಬಾರದ ಕೆಲಸ

ಬ್ರೇಕು ಮತ್ತು ಸ್ಟೀರಿಂಗ್. ಇವುಗಳ ದೋಷವನ್ನು ಗುರುತಿಸುವುದು ನಮ್ಮ ಕೆಲಸ, ಬಿಚ್ಚಿ ಜೋಡಿಸುವುದು ಬಲ್ಲವರ ಕೆಲಸ. ಪೆಡಲು ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿರಬಹುದು. ಒತ್ತಿ ಹಿಡಿದಂತೆ ನಿಧಾನವಾಗಿ ಇಳಿಯುತ್ತಾ ಹೋದರೆ ಮಾಸ್ಟರ್ ಸಿಲಿಂಡರ್ ಹೋಗಿರಬಹುದು. ಹಿಂದಿನ ಚಕ್ರದ ಒಳಬದಿ ಒದ್ದೆಯಾಗಿದ್ದರೆ ಚಕ್ರದ ಸಿಲಿಂಡರ್ ಸೋರುತ್ತಿರಬಹುದು. ಇವುಗಳಲ್ಲಿ ಒಂದು ಕಂಡರೂ ಘಾಟಿಗೆ ಇಳಿಯಬಾರದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಅದರ ಡಬ್ಬಿಗೆ ಎಂಜಿನ್ ಆಯಿಲ್ ಹಾಕಿದರೆ ರಬ್ಬರೆಲ್ಲಾ ಊದಿಕೊಂಡು ಬ್ರೇಕೇ ಇಲ್ಲದಂತಾಗುತ್ತದೆ. ಚಾರ್ಮಾಡಿಯಾಗಲಿ, ಆಗುಂಬೆಯಾಗಲಿ, ಹತ್ತಿದ ಗೇರಿನಲ್ಲೇ ಇಳಿಯುವುದು ಹಳೆಯ ಡ್ರೈವರುಗಳ ನಿಯಮ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ ಮಾಡುವುದು ಪ್ರಾಣದ ಜೊತೆ ಆಟ.

ಹಾಗೆಯೇ ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಅಡಿಗೆ ಯಾರೂ ತಲೆ ಹಾಕಬಾರದು, ಮಕ್ಕಳನ್ನು ಬಿಡಲೂಬಾರದು.

ಮಳೆಗೆ ಮುಂಚೆ ಅರ್ಧ ದಿನ

ಮೇ ತಿಂಗಳ ಕೊನೆಯಲ್ಲಿ ತೋಟದ ಬಸಿಗಾಲುವೆ ಬಿಡಿಸುವ ಹೊತ್ತಿಗೆ ಗಾಡಿಗೂ ಅರ್ಧ ದಿನ ಕೊಡಿರಿ. ಬಾಗಿಲಿನ ಅಡಿಯಲ್ಲಿ ನೀರು ಬಸಿಯುವ ತೂತುಗಳನ್ನು ಕಡ್ಡಿಯಿಂದ ಬಿಡಿಸಿ. ಚಕ್ರದ ಮೇಲ್ಭಾಗದಲ್ಲಿ ಮೆತ್ತಿದ ಕೆಂಪು ಮಣ್ಣನ್ನು ತೊಳೆಯಿರಿ. ಆ ಮಣ್ಣು ತೇವ ಹಿಡಿದಿಟ್ಟು ತಗಡನ್ನು ತಿನ್ನುತ್ತದೆ. ಒಳಗಿನ ಮ್ಯಾಟು ಎತ್ತಿ ನೆಲ ಒಣಗಿಸಿರಿ. ಅರ್ತ್ ಬೋಲ್ಟು, ಬೆಲ್ಟು, ಹೋಸು, ವೈಪರ್ ರಬ್ಬರು, ಸ್ಟೆಪ್ನಿಯ ಗಾಳಿ ನೋಡಿರಿ. ಗಾಡಿಯಲ್ಲಿ ಒಂದು ಟಾರ್ಚು, 10, 12, 14ರ ಸ್ಪಾನರುಗಳು, ಪ್ಲಗ್ ಸ್ಪಾನರು, ನಾಲ್ಕು ಫ್ಯೂಸು, ಒಣ ಬಟ್ಟೆ, ಎರಡು ಲೀಟರ್ ನೀರು ಸದಾ ಇರಲಿ.

ಕೊನೆಯದಾಗಿ, ಒಂದು ನೋಟ್ ಪುಸ್ತಕ. ಯಾವ ದಿನ, ಎಷ್ಟು ಕಿಲೋಮೀಟರಿಗೆ, ಏನು ಬದಲಾಯಿಸಿದೆವು ಎಂದು ಬರೆದಿಡುವುದು. ಮದ್ದು ಹೊಡೆದ ದಿನವನ್ನು ಬರೆದಿಡುವ ನಮಗೆ ಇದು ಕಷ್ಟವಲ್ಲ. ಗಾಡಿ ಹಳೆಯದಾಯಿತೆಂದು ಅದನ್ನು ದೂರುವ ಮುನ್ನ ಅದರ ಅರ್ತ್ ಬೋಲ್ಟನ್ನು ಒಮ್ಮೆ ನೋಡಿ ಎಂದಷ್ಟೇ ನಮ್ಮ ಕೋರಿಕೆ.