ಕಾಡುಬೆಕ್ಕಿನ ತೋಟಾ ಸಾಕೋಣವೇ?

ಅಡುಗೆ, ಪ್ರವಾಸ, ಮಕ್ಕಳ ಕನ್ನಡ ಶಾಲೆಯ ಸುದ್ದಿಗಳ ನಡುವೆ ಇದೇನಪ್ಪಾ ಕೋವಿಯ ಮಾತು ಅಂತ ಹುಬ್ಬೇರಿಸಬೇಡಿ. ಬೇಡವೆನಿಸಿದವರು ಧಾರಾಳವಾಗಿ ಮುಂದಿನ ಲೇಖನಕ್ಕೆ ಜಾರಿಕೊಳ್ಳಬಹುದು! ಆದರೆ ಕೊಲೊರಾಡೊದ ನಮ್ಮ ಬಳಗದಲ್ಲಿ ಕೊಡಗು, ಮಲೆನಾಡಿನ ಕಡೆಯವರು ಕೆಲವರಿದ್ದೇವೆ. ಅಕ್ಟೋಬರ್ ಹತ್ತಿರವಾದರೆ ಪಾಟ್‌ಲಕ್ ಊಟದಲ್ಲೂ ಎಲ್ಕ್ ಬೇಟೆಯ ಸುದ್ದಿ ಬಂದೇ ಬರುತ್ತದೆ. ಊರಿನಲ್ಲಿ 1972ರ ವನ್ಯಜೀವಿ ಕಾಯ್ದೆಯ ನಂತರ ಕೋವಿ ಅಂದರೆ ಕೈಲ್‌ಪೊಳ್ದ್ ಪೂಜೆ, ತೆಂಗಿನಕಾಯಿಗೆ ಗುರಿ, ಅಷ್ಟೇ. ಇಲ್ಲಿ ಲೈಸೆನ್ಸ್ ಪಡೆದು, ತರಬೇತಿ ಮುಗಿಸಿ, ಸರ್ಕಾರವೇ ಗೊತ್ತುಮಾಡಿದ ಲೆಕ್ಕದಲ್ಲಿ ಹೊಡೆಯುವ ಪದ್ಧತಿ.

ಮೂಡಿಗೆರೆ ಕಡೆಯ ಹುಡುಗನೊಬ್ಬ ಹೋದ ವರ್ಷ ಗ್ರೀನ್ ಕಾರ್ಡ್ ಬಂದ ಮೇಲೆ .280 ರೆಮಿಂಗ್ಟನ್ ರೈಫಲ್ ಒಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ. (ಇನ್ನೂ ಎಚ್-1 ವೀಸಾದಲ್ಲಿರುವವರು ಗಮನಿಸಿ: ಫೆಡರಲ್ ಕಾನೂನಿನ ಪ್ರಕಾರ ನಿಮಗೆ ಕೋವಿ, ತೋಟಾ ಎರಡೂ ನಿಷಿದ್ಧ. ಮಾನ್ಯವಾದ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ವಕೀಲರನ್ನು ಕೇಳದೆ ಮುಟ್ಟಬೇಡಿ.) ಈಗ ಕೋವಿ ರಿಪೇರಿಯವನೊಬ್ಬ ಅವನ ತಲೆಗೆ ಹುಳ ಬಿಟ್ಟಿದ್ದಾನೆ. ಚೇಂಬರನ್ನು ಸ್ವಲ್ಪ ಕೊರೆದು "ಆಕ್ಲಿ ಇಂಪ್ರೂವ್ಡ್" ಮಾಡಿಸಿಕೋ, ಎಲ್ಕ್ ನಿಂತಲ್ಲೇ ಬೀಳುತ್ತದೆ ಅಂತ. "ಅಣ್ಣಾ, ಮಾಡಿಸ್ಲಾ ಬೇಡ್ವಾ?" ಅಂತ ನನಗೆ ಮೂರು ಸಲ ಫೋನ್ ಮಾಡಿದ. ಫೋನಿನಲ್ಲಿ ಹೇಳಿ ಮುಗಿಯದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾರ್ಖಾನೆಯ ತೋಟಾ ಬಿಟ್ಟು ಹವ್ಯಾಸಿಗಳು, ಕೋವಿ ಕುಶಲಕರ್ಮಿಗಳು ತಾವೇ ರೂಪಿಸಿದ ತೋಟಾಗಳಿಗೆ ಅಮೆರಿಕದಲ್ಲಿ ವೈಲ್ಡ್‌ಕ್ಯಾಟ್ ಎಂದು ಹೆಸರು, ಅಂದರೆ ಕಾಡುಬೆಕ್ಕು. ಕೆಲವು ಕಾಡುಬೆಕ್ಕುಗಳು ಆಮೇಲೆ ಮನೆಬೆಕ್ಕುಗಳೂ ಆಗಿವೆ. .257 ರಾಬರ್ಟ್ಸ್ 1934ರಲ್ಲಿ, .22-250 1965ರಲ್ಲಿ, .25-06 1969ರಲ್ಲಿ ರೆಮಿಂಗ್ಟನ್ ಕಂಪನಿಯ ಪಟ್ಟಿ ಸೇರಿದವು. "ಇಂಪ್ರೂವ್ಡ್" ಎನ್ನುವುದು ಇವುಗಳಲ್ಲೇ ಒಂದು ಪಂಗಡ. ಅದರ ದೊಡ್ಡ ಹೆಸರು ಪಾರ್ಕರ್ ಆಕ್ಲಿ (1903-1989). ನಮ್ಮ ಕೊಲೊರಾಡೊದ ಟ್ರಿನಿಡಾಡ್ ಊರಿನ ಕಾಲೇಜಿನಲ್ಲಿ ಕೋವಿ ತಯಾರಿಕೆ ಕಲಿಸಿದ ಮೇಷ್ಟ್ರು ಅವರು.

ಉಪಾಯ ಸರಳ. ಹಿತ್ತಾಳೆ ಕೇಸಿನ ಮೈ ಬುಡದಿಂದ ಮೇಲಕ್ಕೆ ಸಪೂರವಾಗುತ್ತಾ ಹೋಗುತ್ತದಲ್ಲ, ಆ ಇಳಿಜಾರನ್ನು ಕಡಿಮೆ ಮಾಡುವುದು, ಹೆಗಲನ್ನು ಕಡಿದಾಗಿಸುವುದು. .280ರ ಹೆಗಲು 17.5 ಡಿಗ್ರಿ, ಆಕ್ಲಿಯದು 40 ಡಿಗ್ರಿ. ಒಳಗೆ ಮದ್ದಿಗೆ ಹೆಚ್ಚು ಜಾಗ. ಮಾಮೂಲಿ ತೋಟಾವನ್ನೇ ಹೊಸ ಚೇಂಬರಿನಲ್ಲಿ ಹಾರಿಸಿದರೆ ಕೇಸು ಉಬ್ಬಿ, ಇಡ್ಲಿ ತಟ್ಟೆಯಲ್ಲಿ ಹಿಟ್ಟು ಕೂತ ಹಾಗೆ, ಹೊಸ ಆಕಾರ ಪಡೆದು ಹೊರಬರುತ್ತದೆ. ಅದನ್ನೇ ಮತ್ತೆ ತುಂಬಿಸಿಕೊಳ್ಳಬಹುದು. ಕಡಿದಾದ ಹೆಗಲಿನಿಂದ ಕೇಸು ಉದ್ದಕ್ಕೆ ಬೆಳೆಯುವುದು ಕಡಿಮೆ, ಪದೇ ಪದೇ ಕತ್ತರಿಸುವ ಕೆಲಸ ತಪ್ಪುತ್ತದೆ. ಮನೆಯಲ್ಲೇ ತೋಟಾ ತುಂಬುವವರಿಗೆ ಇದು ನಿಜವಾದ ಲಾಭ. ವೇಗದ ಮಾತಿಗಿಂತ ಇದನ್ನೇ ನಾನು ಹೆಚ್ಚು ನಂಬುತ್ತೇನೆ.

ವೇಗದ ವಿಷಯಕ್ಕೆ ಬರೋಣ. ಒತ್ತಡ ಅಷ್ಟೇ ಇದ್ದರೆ, ಕೇಸಿನ ಜಾಗ ಶೇಕಡಾ ನಾಲ್ಕು ಹೆಚ್ಚಾದಾಗ ಗುಂಡಿನ ವೇಗ ಶೇಕಡಾ ಒಂದರಷ್ಟು ಏರುತ್ತದೆ ಎನ್ನುವುದು ಹಳೆಯ ಲೆಕ್ಕ. .280ರಲ್ಲಿ ಸಿಗುವ ಜಾಗ ಶೇಕಡಾ ಐದರ ಆಸುಪಾಸು. ಅಂದರೆ ಸೆಕೆಂಡಿಗೆ 3000 ಅಡಿ ಹೋಗುತ್ತಿದ್ದ ಗುಂಡು 40 ಅಡಿಯಷ್ಟು ಜಾಸ್ತಿ ಓಡುತ್ತದೆ. ಹಾಗಾದರೆ ನೂರು, ನೂರೈವತ್ತು ಅಡಿ ಅಂತ ಹೇಳಿಕೊಳ್ಳುವುದು ಎಲ್ಲಿಂದ ಬಂತು? ಒತ್ತಡದಿಂದ! 1957ರಲ್ಲಿ .280 ಬಂದಾಗ ಅದನ್ನು ರೆಮಿಂಗ್ಟನ್‌ನ ಸೆಮಿ ಆಟೊಮ್ಯಾಟಿಕ್ ರೈಫಲ್ಲಿಗೂ ಹೊಂದಿಸಬೇಕಾಗಿತ್ತು, ಹಾಗಾಗಿ ಅದರ ಮಿತಿ 60,000 ಪಿಎಸ್‌ಐ. ನಾಸ್ಲರ್ ಕಂಪನಿಯ ಮೂಲಕ 2007ರಲ್ಲಿ ಅಧಿಕೃತ ಮನೆಬೆಕ್ಕಾದ .280 ಆಕ್ಲಿಗೆ 65,000. ಹೆಗಲು ತಿರುಗಿಸಿದ್ದಕ್ಕಿಂತ ಬೆಂಕಿ ಜಾಸ್ತಿ ಮಾಡಿದ್ದರ ಪಾಲೇ ದೊಡ್ಡದು.

ಇರಲಿ, ನೂರು ಅಡಿಯೇ ಸಿಕ್ಕಿತು ಅನ್ನಿ. 200 ಗಜಕ್ಕೆ ಗುರಿ ಹೊಂದಿಸಿದ ರೈಫಲ್ಲಿನಲ್ಲಿ 300 ಗಜದಲ್ಲಿ ಸಿಗುವ ವ್ಯತ್ಯಾಸ ಅರ್ಧ ಇಂಚಿನ ಆಸುಪಾಸು. ಚಳಿಯಲ್ಲಿ ಬೆಟ್ಟ ಹತ್ತಿ ಏದುಸಿರು ಬಿಡುವವನ ಕೈ ಇದರ ಎಷ್ಟೋ ಪಟ್ಟು ನಡುಗುತ್ತದೆ. ಎಲ್ಕ್ ಅಂದರೆ ನಮ್ಮ ಕಡವೆಗಿಂತಲೂ ದೊಡ್ಡ ಪ್ರಾಣಿ. ಹೊಟ್ಟೆಗೆ ಗುಂಡು ತಿಂದು ಕತ್ತಲ ಕಾಡಿಗೆ ನುಗ್ಗಿದರೆ ಇಡೀ ರಾತ್ರಿ ನರಳುತ್ತದೆ, ಹುಡುಕಿದರೂ ಸಿಗಲಿಕ್ಕಿಲ್ಲ. ಆ ನೂರು ಅಡಿ ವೇಗ ಅದನ್ನು ತಪ್ಪಿಸುವುದಿಲ್ಲ. ತೇಜಸ್ವಿಯವರಿಂದಾಗಿ ನಮಗೆಲ್ಲ ಕನ್ನಡದಲ್ಲಿ ಪರಿಚಯವಾದ ಕೆನೆತ್ ಆಂಡರ್ಸನ್ ನರಭಕ್ಷಕಗಳ ಹಿಂದೆ ಹೋದದ್ದು .405 ವಿಂಚೆಸ್ಟರ್ ಹಿಡಿದು. ಅದು 1904ರ ಮಾಮೂಲಿ ಕಾರ್ಖಾನೆ ತೋಟಾ, ಇವತ್ತಿನ ಲೆಕ್ಕದಲ್ಲಿ ಎತ್ತಿನಗಾಡಿ!

ಹಾಗಂತ ಎಲ್ಲ ಇಂಪ್ರೂವ್ಡ್ ತೋಟಾಗಳೂ ದಂಡ ಅನ್ನುತ್ತಿಲ್ಲ. .22 ಹಾರ್ನೆಟ್, .250 ಸ್ಯಾವೇಜ್, .257 ರಾಬರ್ಟ್ಸ್‌ನಂಥ ಹಳೆಯ ಇಳಿಜಾರು ಮೈಯ ಕೇಸುಗಳಲ್ಲಿ ಲಾಭ ಚೆನ್ನಾಗಿಯೇ ಇದೆ. ಬ್ಯಾರೆಲ್ ಸವೆದು ಹೇಗೂ ಹೊಸದು ಹಾಕಿಸುವವರು, ಇಲ್ಲವೇ ಹೊಸ ರೈಫಲ್ಲನ್ನೇ ಕೊಳ್ಳುವವರು .280 ಆಕ್ಲಿಯನ್ನು ಧೈರ್ಯವಾಗಿ ಆರಿಸಬಹುದು. ಈಗ ಅದರ ತೋಟಾ ಪೆಟ್ಟಿಗೆಯಲ್ಲೇ ಸಿಗುತ್ತದೆ. ಚೆನ್ನಾಗಿರುವ ರೈಫಲ್ಲನ್ನು ಕೊರೆಸುವುದಕ್ಕೆ ಮಾತ್ರ ನನ್ನ ತಕರಾರು. ಸುಮ್ಮನೆ ರೀಮರ್ ಆಡಿಸಿದರೆ ಸಾಲದು, ಬ್ಯಾರೆಲನ್ನು ಒಂದಿಷ್ಟು ಹಿಂದಕ್ಕೆ ಕೂರಿಸಬೇಕು. ಇಲ್ಲದಿದ್ದರೆ ಮಾಮೂಲಿ ತೋಟಾ ಸಡಿಲವಾಗಿ ಕೂತು, ಹಾರಿಸಿದಾಗ ಕೇಸು ಬುಡದ ಹತ್ತಿರ ಹರಿಯಬಹುದು. ಬಿಸಿ ಅನಿಲ ಮುಖಕ್ಕೇ ಬರುತ್ತದೆ. 2007ಕ್ಕೆ ಮೊದಲು ಕೊರೆದ ಆಕ್ಲಿ ಚೇಂಬರುಗಳ ಅಳತೆಗೂ ಈಗಿನ ಅಧಿಕೃತ ಅಳತೆಗೂ ವ್ಯತ್ಯಾಸವಿದೆ. ಹಳೆಯ ರೈಫಲ್ ಕೊಂಡವರು ಅಳೆಸಿ ನೋಡದೆ ಹೊಸ ಪೆಟ್ಟಿಗೆ ಒಡೆಯಬೇಡಿ.

ಹುಡುಗನಿಗೆ ಹೇಳಿದ್ದು ಇಷ್ಟು: ಆ ದುಡ್ಡಿಗೆ ಮಾಮೂಲಿ .280 ತೋಟಾ ತಗೋ, ಒಳ್ಳೆಯ ಗುಂಡಿನದ್ದು. ಸೆಪ್ಟೆಂಬರ್ ಮುಗಿಯುವುದರೊಳಗೆ ಕೂತು, ಮಂಡಿಯೂರಿ, ಮರಕ್ಕೆ ಒರಗಿ ಎಲ್ಲ ಥರದಲ್ಲೂ ಹೊಡೆದು ಅಭ್ಯಾಸ ಮಾಡು. "ಹಂಗಾದ್ರೆ ಕೊರೆಸೋದು ಬೇಡ ಅಂತೀರಾ ಅಣ್ಣಾ?" ಅಂತ ನಾಲ್ಕನೇ ಸಲ ಕೇಳಿದ. ಬೇಡ ಅಂದೆ. ಈ ಶನಿವಾರ ಬೆಳಿಗ್ಗೆ ಇಬ್ಬರೂ ರೇಂಜಿಗೆ ಹೋಗುತ್ತಿದ್ದೇವೆ. ಬುತ್ತಿಗೆ ಅಕ್ಕಿರೊಟ್ಟಿ ಅವನದೇ.