ಎರಡು ಸೆಂಟಿಮೀಟರಿನಿಂದ ಎರಡು ಮೀಟರಿಗೆ

ನಾಶಿಕದ ಅಂಬಡ್ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ಅಡಿಗಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾ. ಅದೇ ಕಪ್ಪು ಕಲ್ಲು ನಮ್ಮ ಕಲಬುರಗಿ, ವಿಜಯಪುರದವರೆಗೂ ಹಾಸಿಕೊಂಡಿದೆ. ಗಟ್ಟಿ ಬಸಾಲ್ಟ್ ಚದರ ಮೀಟರಿಗೆ 15,000 ಟನ್ ಭಾರ ತಡೆಯಬಲ್ಲದು. ಆದರೆ ಲಾವಾ ಪದರಗಳ ನಡುವೆ ಅಲ್ಲಲ್ಲಿ ಕೆಂಪು ಜೇಡಿಯಂಥ ಮೆತ್ತನೆಯ ಪದರ ಸಿಗುತ್ತದೆ. ಅದು ತೆಳುವಾದ್ದರಿಂದ ಇಲ್ಲಿ ಬಚಾವು. ಅಷ್ಟೇ ದುರ್ಬಲವಾದ ಶಿಲೆ ಒಂದು ಕಿಲೋಮೀಟರ್ ಆಳದಲ್ಲಿ ಸುರಂಗವನ್ನು ನಾಲ್ಕೂ ಕಡೆ ಸುತ್ತುವರಿದರೆ?

ಆ ಆಳದಲ್ಲಿ ಪ್ರತಿ ಚದರ ಮೀಟರಿನ ಮೇಲೆ 2,700 ಟನ್ ಕಲ್ಲು ಕೂತಿರುತ್ತದೆ. ಐದು ಟನ್ ತೂಗುವ 540 ಆನೆಗಳನ್ನು ಒಂದು ಚದರ ಮೀಟರಿನ ಚಾಪೆಯ ಮೇಲೆ ಪೇರಿಸಿದಂತೆ! ಸುರಂಗ ಕೊರೆದೊಡನೆ ಕಳೆದುಹೋದ ಕಲ್ಲಿನ ಪಾಲನ್ನೂ ಅಂಚಿನ ಕಲ್ಲೇ ಹೊರಬೇಕು. ಗೋಡೆಯ ಕಲ್ಲಿನೊಳಗಿನ ಒತ್ತಡ ಇಮ್ಮಡಿಯಾಗಿ ಚದರ ಮೀಟರಿಗೆ 5,400 ಟನ್ ಮುಟ್ಟುತ್ತದೆ. ಬಸಾಲ್ಟ್ ಇದನ್ನು ಲೆಕ್ಕಕ್ಕೇ ಇಡದು. ದುರ್ಬಲ ಶಿಲೆ ಮಾತ್ರ ಒಳಕ್ಕೆ ನುಗ್ಗತೊಡಗುತ್ತದೆ.

ಎಷ್ಟು ನುಗ್ಗುತ್ತದೆ? ಶಿಲಾತಜ್ಞರಾದ ಎವರ್ಟ್ ಹೂಕ್ ಮತ್ತು ಪಾಲ್ ಮರಿನೋಸ್ 2000ರಲ್ಲಿ ಕೊಟ್ಟ ಅಂದಾಜು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಶಿಲೆಯ ಬಲ ಅರ್ಧವಾದರೆ ಕುಗ್ಗುವಿಕೆ ನಾಲ್ಕು ಪಟ್ಟು. ಆಧಾರ ಕೊಡದ ಹತ್ತು ಮೀಟರ್ ಅಗಲದ ಸುರಂಗವನ್ನೇ ನೋಡಿ: ಶಿಲೆಯ ಬಲ ಮೇಲಿನ ಭಾರಕ್ಕೆ ಸಮವಿದ್ದರೆ ಅದು ಎರಡು ಸೆಂಟಿಮೀಟರ್ ಕುಗ್ಗುತ್ತದೆ, ಐದನೇ ಒಂದಿದ್ದರೆ ಅರ್ಧ ಮೀಟರ್, ಹತ್ತನೇ ಒಂದಿದ್ದರೆ ಪೂರ್ತಿ ಎರಡು ಮೀಟರ್. ಕೊರೆಯುವ ಯಂತ್ರದ ಉಕ್ಕಿನ ಕವಚಕ್ಕೂ ಕಲ್ಲಿಗೂ ನಡುವೆ ಇರುವ ಜಾಗವೋ ಕೆಲವೇ ಸೆಂಟಿಮೀಟರ್. ಯಂತ್ರ ನಿಂತಷ್ಟೂ ಕಲ್ಲು ಒತ್ತಿ ಬರುತ್ತದೆ, ಒತ್ತಿದಷ್ಟೂ ಯಂತ್ರವನ್ನು ಮುಂದೆ ತಳ್ಳುವುದು ಕಷ್ಟ.

ವೆನೆಜುವೆಲಾದ ಯಾಕಾಂಬು-ಕಿಬೋರ್ ನೀರಿನ ಸುರಂಗದಲ್ಲಿ ಹೀಗೇ ಆಯಿತು. ಗರಿಷ್ಠ ಆಳ 1,270 ಮೀಟರ್. ಕಲ್ಲು ಗ್ರಾಫೈಟ್ ಬೆರೆತ ಜಾರುವ ಫಿಲೈಟ್. 1976ರಲ್ಲಿ ಕೆಲಸ ಶುರು. ಕೊರೆಯುವ ಯಂತ್ರಗಳು ಸೋತವು, ಅವುಗಳಲ್ಲೊಂದು ಒತ್ತಿಬಂದ ಕಲ್ಲಿನಲ್ಲೇ ಹೂತುಹೋಯಿತು. 24.3 ಕಿಲೋಮೀಟರ್ ಸುರಂಗದ ಎರಡು ತುದಿ ಕೂಡಿದ್ದು 2008ರಲ್ಲಿ. ದಿನಕ್ಕೆ ಸರಾಸರಿ ಎರಡು ಮೀಟರ್.

ಸ್ವಿಟ್ಜರ್ಲೆಂಡಿನ 57 ಕಿಲೋಮೀಟರ್ ಉದ್ದದ ಗೊಟ್ಟಾರ್ಡ್ ಸುರಂಗದ ಎಂಜಿನಿಯರುಗಳು ಸೆಡ್ರುನ್ ಬಳಿಯ ದುರ್ಬಲ ಶಿಲೆಗೆ ಯಂತ್ರವನ್ನು ಕಳಿಸಲೇ ಇಲ್ಲ. ಬೇಕಾದ್ದಕ್ಕಿಂತ ದೊಡ್ಡದಾಗಿ ಅಗೆದು, ಒಂದರೊಳಗೊಂದು ಜಾರುವ ಉಕ್ಕಿನ ಕಮಾನುಗಳನ್ನು ನಿಲ್ಲಿಸಿ, ಗೋಡೆ 70 ಸೆಂಟಿಮೀಟರಿನವರೆಗೂ ಒಳಬರಲೆಂದು ಮೊದಲೇ ಜಾಗ ಬಿಟ್ಟರು.